ಜೋಳದ ಬುಟ್ಟಿ ಎಲ್ಲಿ?

ಕಡಬದಿಂದ ನೆಲ್ಯಾಡಿಗೆ ಹೋಗುವ ದಾರಿಯಲ್ಲಿರುವ ನಮ್ಮ ಶಾಲೆಯಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ ಕಥೆ ಪುಸ್ತಕದ್ದು. ಎಂಟನೆಯ ತರಗತಿಯ ಮಕ್ಕಳು ಪಾಠಪುಸ್ತಕ ಮುಚ್ಚಿಟ್ಟು ಕಾದಂಬರಿ ತೆರೆಯುವ ಆ ಮುಕ್ಕಾಲು ಗಂಟೆಗಾಗಿಯೇ, ಕನ್ನಡ ಟೀಚರಾದ ನಾನು ಪುತ್ತೂರಿನಿಂದ ವಾರವಿಡೀ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತೇನೆ. ಕಳೆದ ವರ್ಷ ಆ ಪೀರಿಯಡ್ಡಿನ ಮೇಲೆ ಗಣಿತದ ಮಾಸ್ಟರ ಕಣ್ಣು ಬಿತ್ತು. ಬೀಜಗಣಿತದಲ್ಲಿ ಮಕ್ಕಳು ಹಿಂದೆ ಬಿದ್ದಿದ್ದಾರೆ, ಕಥೆ ಓದಿ ಯಾರೂ ಇಂಜಿನಿಯರ್ ಆಗಿಲ್ಲ ಎಂಬುದು ಅವರ ವಾದ. ಕಥೆ ಓದದ ಇಂಜಿನಿಯರುಗಳು ಕಟ್ಟಿದ ಮೋರಿಗಳನ್ನು ದಿನಾ ದಾಟಿಯೇ ನಾನು ಶಾಲೆಗೆ ಬರುವುದು, ಆದರೆ ಅದನ್ನು ಹೇಳಲಿಲ್ಲ.

ಮಾಸ್ಟರು ಕೆಟ್ಟವರೇನಲ್ಲ. ಆಟಿ ತಿಂಗಳ ಮಳೆ ಸುರಿಯುತ್ತಿದ್ದಾಗ ಅವರ ಹೆಂಡತಿ ನನಗೆಂದೇ ಕೆಸುವಿನೆಲೆಯ ಪತ್ರೊಡೆ ಮಾಡಿ ಕಳಿಸಿದ್ದರು. ಅಷ್ಟು ರುಚಿಯಾದ ಪತ್ರೊಡೆ ನನ್ನ ತವರಿನಲ್ಲೂ ತಿಂದಿಲ್ಲ. ಆಮೇಲೆ ಏನಾಯಿತೋ, ದೀಪಾವಳಿಯ ಹೊತ್ತಿಗೆ ಮಾಸ್ಟರ ನಗು ಕಡಿಮೆಯಾಯಿತು, ಗುಡ್ ಮಾರ್ನಿಂಗ್ ಅರ್ಧಕ್ಕೆ ಇಳಿಯಿತು. ಇಂಥದ್ದಕ್ಕೆಲ್ಲ ಕಾರಣ ಹುಡುಕುತ್ತಾ ಕೂರುವ ಸ್ವಭಾವ ನನ್ನದಲ್ಲ.

ನಮ್ಮಿಬ್ಬರ ಜಗಳ ಕೇಳಿ ಕೇಳಿ ಸಾಕಾದ ಹೆಡ್ಮಾಸ್ಟರು ಒಂದು ಉಪಾಯ ಮಾಡಿದರು. ಓದಿದ ಕಾದಂಬರಿಯ ಮೇಲೆ ಒಂದು ಪರೀಕ್ಷೆ. ಮಕ್ಕಳಿಗೆ ಅರ್ಥವಾಗಿದ್ದರೆ ಪೀರಿಯಡ್ ನನಗೆ, ಇಲ್ಲವಾದರೆ ಬೀಜಗಣಿತಕ್ಕೆ. ಪ್ರಶ್ನೆಯೂ ಮಾದರಿ ಉತ್ತರವೂ ನನ್ನದು, ಮೌಲ್ಯಮಾಪನ ಮಾತ್ರ ಗಣಿತದ ಮಾಸ್ಟರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಆಗ ನಾವು ಓದಿ ಮುಗಿಸಿದ್ದು ಅನುವಾದಗೊಂಡ ಒಂದು ಐತಿಹಾಸಿಕ ಕಾದಂಬರಿ. ಹಡಗಿನಲ್ಲಿ ಬಂದ ಬಿಳಿಯರ ಒಂದು ಗುಂಪು ದೂರದ ಖಂಡದ ಕಾಡಂಚಿನಲ್ಲಿ ನೆಲೆಯೂರುತ್ತದೆ. ಮೊದಲ ಚಳಿಗಾಲದಲ್ಲಿ ಅರ್ಧ ಜನ ಹಸಿವಿನಿಂದ ಸಾಯುತ್ತಾರೆ. ಕಾಡಿನ ಜನ ಜೋಳ ತಂದುಕೊಟ್ಟು ಉಳಿದವರನ್ನು ಬದುಕಿಸುತ್ತಾರೆ. ಮರುವರ್ಷ ಬಂದವರು ನೀರಿನ ಚಿಲುಮೆಗೆ ಬೇಲಿ ಹಾಕುತ್ತಾರೆ, ಅಲ್ಲಿಂದ ಬಾಣ, ಬಂದೂಕು, ರಕ್ತ. ನನಗೆ ಈ ಪುಸ್ತಕ ಬಾಯಿಪಾಠವಾಗಿತ್ತು ಎಂದೇ ನಾನು ತಿಳಿದಿದ್ದೆ.

ಪರೀಕ್ಷೆಯ ದಿನ ಮೇಜಿನ ಮೇಲಿನ ಸ್ಟೀಲ್ ಡಬ್ಬಿಯಿಂದ ಸೀಮೆಸುಣ್ಣ ತೆಗೆದು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದೆ. ಎರಡೂ ಕಡೆಯವರ ನಡುವೆ ಜಗಳ ಶುರುವಾದದ್ದು ಏಕೆ ಎಂಬ ಕೊನೆಯ ಪ್ರಶ್ನೆಗೆ ಅರ್ಧಕ್ಕರ್ಧ ಅಂಕ. ಮಾದರಿ ಉತ್ತರ ಒಂದೇ ಸಾಲು: ವಲಸೆ ಬಂದವರು ಚಿಲುಮೆಗೆ ಬೇಲಿ ಹಾಕಿದ್ದರಿಂದ. ಇಷ್ಟು ಸುಲಭದ ಪ್ರಶ್ನೆ ಕೇಳಿದ್ದಕ್ಕೆ ನನಗೇ ಸ್ವಲ್ಪ ನಾಚಿಕೆಯಾಗಿತ್ತು.

ಎರಡು ದಿನ ಕಳೆದು, ನಾನು ಪಾಠ ಮಾಡುತ್ತಿರುವಾಗ ಹೆಡ್ಮಾಸ್ಟರ ಕರೆ ಬಂತು. ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಹೋದೆ. ಅಲ್ಲಿ ಗಣಿತದ ಮಾಸ್ಟರು ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಮದುಮಗನ ಕಳೆಯಲ್ಲಿ ಕೂತಿದ್ದರು. ಚಳಿಗಾಲದಲ್ಲಿ ಜನ ಸತ್ತದ್ದೇಕೆ ಎಂಬ ಪ್ರಶ್ನೆಗೆ ಮಕ್ಕಳು ನಮ್ಮ ಮಳೆಗಾಲದ ಲೆಕ್ಕದಲ್ಲೇ ಬರೆದಿದ್ದರು: ಅವರು ಬೇಸಿಗೆಯಲ್ಲಿ ಹಪ್ಪಳ ಒಣಗಿಸಿರಲಿಲ್ಲ, ಒಣಮೀನು ಇಟ್ಟಿರಲಿಲ್ಲ. ಫಿರಂಗಿ ತರಲು ಗೊತ್ತಿದ್ದವರಿಗೆ ಒಂದು ಟರ್ಪಾಲು ತರಲು ಗೊತ್ತಾಗಲಿಲ್ಲ ಎಂದು ಒಬ್ಬಳು ಬೈದೇ ಬಿಟ್ಟಿದ್ದಳು. ಅದಕ್ಕೆಲ್ಲ ಮಾಸ್ಟರು ಧಾರಾಳವಾಗಿ ಅರ್ಧರ್ಧ ಅಂಕ ಕೊಟ್ಟಿದ್ದರು. ಕೊನೆಯ ಪ್ರಶ್ನೆಗೆ ಮಾತ್ರ ತರಗತಿಗೆ ತರಗತಿಯೇ ಸೊನ್ನೆ. ಎಲ್ಲರೂ ಬರೆದದ್ದು ಒಂದೇ: ಅವರು ಜೋಳದ ಬುಟ್ಟಿ ವಾಪಸ್ ಕೊಡಲಿಲ್ಲ.

"ಒಂದೇ ತಪ್ಪು ಎಲ್ಲರಿಗೂ ಹೊಳೆಯುದು ಹೇಗೆ ಮೇಡಂ? ಇದು ಕಾಪಿ," ಎಂದರು ಮಾಸ್ಟರು.

ಪೀರಿಯಡ್ ಹೋಗುವುದು ಒತ್ತಟ್ಟಿಗಿರಲಿ, ಈಗ ಮಕ್ಕಳ ಹಣೆಗೆ ಕಳ್ಳರೆಂಬ ಪಟ್ಟಿ ಬೀಳುವುದರಲ್ಲಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನಿಜ ಹೇಳಬೇಕೆಂದರೆ, ಮಾಸ್ಟರಿಗಿಂತ ಹೆಚ್ಚು ಸಿಟ್ಟು ಬಂದದ್ದು ಮಕ್ಕಳ ಮೇಲೆ. ಬುಟ್ಟಿಯ ಸುದ್ದಿಯನ್ನು ನಾನು ತರಗತಿಯಲ್ಲಿ ಎತ್ತಿಯೇ ಇರಲಿಲ್ಲ.

ಹೆಡ್ಮಾಸ್ಟರು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಸಿದರು. ಮೊದಲು ಬಂದವನು ಪೇಟೆಯ ಬ್ಯಾರಿ ಅಂಗಡಿಯವರ ಮಗ. ಪೆರ್ನಾಳ್ ಹಬ್ಬಕ್ಕೆ ತಿಂಡಿ ಕೊಟ್ಟ ತಟ್ಟೆಯನ್ನು ಯಾರಾದರೂ ಖಾಲಿ ವಾಪಸ್ ಕೊಡುತ್ತಾರಾ ಎಂದು ಅವನು ಹೆಡ್ಮಾಸ್ಟರನ್ನೇ ಕೇಳಿದ. ಸುಳ್ಯ ಕಡೆಯ ಹುಡುಗಿ, ಏನೂ ಇಲ್ಲದಿದ್ದರೆ ಒಂದು ಹಿಡಿ ಬಸಳೆಯಾದರೂ ಹಾಕಿ ಕೊಡಬೇಕು ಎಂದಳು. ಮೂರನೆಯವಳು ಟರ್ಪಾಲಿನ ಬಗ್ಗೆ ಬರೆದವಳು. ಅವಳ ಅಜ್ಜ ಅಜ್ಜಿ ಕೇರಳದಿಂದ ಬಂದು ಇಲ್ಲಿ ರಬ್ಬರ್ ಹಾಕಿದವರು.

"ನಮ್ಮ ಅಮ್ಮಚ್ಚಿ ಬಂದ ವರ್ಷ ಮಳೆಗೆ ಗುಡಿಸಲು ಸೋರಿ ಅಕ್ಕಿ ಎಲ್ಲ ಹಾಳಾಯ್ತಂತೆ ಸರ್. ಆಚೆ ಮನೆಯವರು ಭರಣಿಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ ಕೊಟ್ರು. ಅಮ್ಮಚ್ಚಿ ಅದೇ ಭರಣಿಯಲ್ಲಿ ಮರಗೆಣಸು ಹಾಕಿ ಕೊಟ್ರು. ಆ ಭರಣಿ ಈಗಲೂ ಹೋಗ್ತಾ ಬರ್ತಾ ಉಂಟು. ಯಾರ ಮನೆಯದ್ದು ಅಂತ ಈಗ ಯಾರಿಗೂ ಗೊತ್ತಿಲ್ಲ."

ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಅದೆಲ್ಲ ಸರಿ, ಬುಟ್ಟಿ ವಾಪಸ್ ಕೊಡಲಿಲ್ಲ ಎಂದು ಪುಸ್ತಕದಲ್ಲಿ ಎಲ್ಲಿದೆ ಎಂದು ಕೇಳಿದರು.

"ಅದರಲ್ಲಿ ಕೋಳಿ ಮೊಟ್ಟೆ ಇಡ್ತಾ ಉಂಟಲ್ಲ ಸರ್," ಎಂದಳು ಅವಳು.

ನಾನು ಪುಸ್ತಕ ತರಿಸಿ ಹುಡುಕಿದೆ. ಇತ್ತು. ಬೇಲಿಯ ಅಧ್ಯಾಯಕ್ಕಿಂತ ಎಷ್ಟೋ ಮುಂಚೆ, ಹಡಗಿನ ಕಪ್ತಾನನ ಹೆಂಡತಿ ಜೋಳ ಬಂದ ಬುಟ್ಟಿಯಲ್ಲಿ ಹುಲ್ಲು ಹಾಸಿ ಕೋಳಿ ಕೂರಿಸುತ್ತಾಳೆ. ಕಾಡಿನ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು ಅದನ್ನು ನೋಡಿ ಹಿಂತಿರುಗುತ್ತಾಳೆ. ಈ ಕೋಳಿ ಸಮೃದ್ಧಿಯ ಸಂಕೇತ ಎಂದು ನಾನು ತರಗತಿಯಲ್ಲಿ ಬಹಳ ಚಂದವಾಗಿ ವಿವರಿಸಿದ್ದೆ. ಮಕ್ಕಳು ಪಾಪ, ತಲೆಯಾಡಿಸಿದ್ದರು.

ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣು ತುಂಬಿತು. ಗೆದ್ದ ಉತ್ಸಾಹದಲ್ಲಿ ಮಾಸ್ಟರ ಕಡೆ ತಿರುಗಿ ಒಂದು ಸಣ್ಣ ಭಾಷಣವನ್ನೇ ಬಿಗಿದೆ. ನೋಡಿ, ಇದು ಕಾಪಿಯಲ್ಲ, ಸಂಸ್ಕಾರ. ಒಬ್ಬರು ಪ್ರೀತಿಯಿಂದ ಕೊಟ್ಟ ಪಾತ್ರೆಯನ್ನು ತನ್ನದೇ ಎಂದು ಇಟ್ಟುಕೊಳ್ಳುವವರಿಗೆ ಬೇಲಿ ಹಾಕುವುದು ಯಾವ ದೊಡ್ಡ ವಿಷಯ ಎಂದೆಲ್ಲ ಹೇಳಿದೆ. ಹೇಳುವಾಗ ಕೈಯನ್ನೂ ಬೀಸಿದೆ. ಡಬ್ಬಿಯೊಳಗೆ ಸೀಮೆಸುಣ್ಣ ಗಲಗಲ ಅಂದಿತು.

ಮಾಸ್ಟರು ಉತ್ತರಪತ್ರಿಕೆಗಳ ಕಟ್ಟನ್ನು ನನ್ನ ಕಡೆಗೆ ಸರಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಪೀರಿಯಡ್ ನೀವೇ ಇಟ್ಕೊಳ್ಳಿ ಮಾರಾಯ್ರೆ," ಎಂದರು. "ಆ ಪತ್ರೊಡೆಯ ಡಬ್ಬಿ ಎಂತ ಆಯ್ತು ಅಂತ ನಮ್ಮ ಮನೆಯವಳು ಆಟಿಯಿಂದ ಕೇಳ್ತಾ ಇದ್ದಾಳೆ."

ಹುಡುಗಿ ನನ್ನ ಕೈಯನ್ನು ನೋಡಿದಳು. ಹೆಡ್ಮಾಸ್ಟರು ಕಿಟಕಿಯ ಹೊರಗೆ ನೋಡಿದರು.

ಆ ಸಂಜೆ ಮನೆಗೆ ಹೋಗಿ ಡಬ್ಬಿಯನ್ನು ಹುಣಸೆಹುಳಿ ಹಾಕಿ ತಿಕ್ಕಿದೆ. ಸೀಮೆಸುಣ್ಣದ ಬಿಳಿ ಅಂಚಿನಿಂದ ಬಿಡಲು ತುಂಬ ಹೊತ್ತು ಹಿಡಿಯಿತು. ಮರುದಿನ ಅದರ ತುಂಬ ಬಾಳೆಹಣ್ಣಿನ ಹಲ್ವ ಹಾಕಿ ಮಾಸ್ಟರ ಮೇಜಿನ ಮೇಲಿಟ್ಟೆ. ಸೋಮವಾರ ಅದು ನೀರುದೋಸೆ ಹೊತ್ತು ನನ್ನ ಮೇಜಿಗೆ ವಾಪಸ್ ಬಂತು. ಸೀಮೆಸುಣ್ಣವನ್ನು ನಾನೀಗ ಹಳೆಯ ಪೇಪರಿನಲ್ಲಿ ಸುತ್ತಿಡುತ್ತೇನೆ.