ಕಂಪನಿ ಕೈಬಿಟ್ಟ ಕಂಪ್ಯೂಟರು, ಅತ್ತೆಯ ಕುರಿಮದ್ದು

ಆ ಕಂಪನಿಯ ಹೆಸರು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಮದ್ದೂರಿನ ನಮ್ಮ ಮನೆಗೆ ಅವರ ಕಂಪ್ಯೂಟರ್ ಬಂದಾಗ, “ಮನೆಮಂದಿಗೆಂದೇ ಮಾಡಿದ್ದು, ಎಷ್ಟು ವರ್ಷವಾದರೂ ನಾವಿದ್ದೇವೆ” ಎಂದು ಡಬ್ಬದ ಮೇಲೆ ಅಚ್ಚು ಹಾಕಿಸಿದ್ದರು. ನಂಬಿದೆ.

ನನ್ನ ಅತ್ತೆಯ ತವರು ಬಂಡೂರು. ಕುರಿಗಳ ನಡುವೆಯೇ ಬೆಳೆದವರು. ಹೊಟ್ಟೆ ಉಬ್ಬರಿಸಿದರೆ ಏನು ಕುಡಿಸಬೇಕು, ಮರಿ ಅಡ್ಡ ತಿರುಗಿದ್ದರೆ ಕೈ ಹೇಗೆ ಹಾಕಬೇಕು, ಎಲ್ಲ ಅವರ ಬಾಯಲ್ಲಿತ್ತು. ನಾನು ಶಾಲೆಯಿಂದ ನಿವೃತ್ತಳಾದ ಮೇಲೆ ಅವರು ಹೇಳುವುದು, ನಾನು ಟೈಪ್ ಮಾಡುವುದು ಶುರುವಾಯಿತು. ಕಂಪ್ಯೂಟರಿನ ಜೊತೆಗೇ ಬಂದಿದ್ದ ಕಂಪನಿಯ ಬರವಣಿಗೆ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದೆ. ನಾಲ್ಕು ವರ್ಷದ ಕೆಲಸ ಅದು.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆದು ಮಾತು ನಿಂತಿತು. ಅದಾದ ಎರಡೇ ತಿಂಗಳಿಗೆ ಕಂಪ್ಯೂಟರೂ ಸತ್ತಿತು.

ಮಂಡ್ಯದ ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋದೆ. ಮ್ಯಾನೇಜರ್ ಅದನ್ನು ಬಿಚ್ಚುವ ಮೊದಲೇ ತಲೆಯಾಡಿಸಿದ.

“ಇದು ಹಳೇ ಮಾಡೆಲ್ ಮೇಡಂ. ಕಂಪನಿಯೋರು ನಿಲ್ಲಿಸ್ಬುಟ್ಟವ್ರೆ. ಪಾರ್ಟ್ಸ್ ಬರಲ್ಲ.”

“ಒಳಗಿರೋ ಬರಹ?”

ಒತ್ತಾಯ ಮಾಡಿದ ಮೇಲೆ ಡಿಸ್ಕ್ ತೆಗೆದು ಅದೇ ಕಂಪನಿಯ ಹೊಸ ಕಂಪ್ಯೂಟರಿಗೆ ಜೋಡಿಸಿದ. ಫೈಲುಗಳೆಲ್ಲ ಇದ್ದವು. ತೆರೆದರೆ ಅಕ್ಷರವಿಲ್ಲ, ಬರೀ ಚೌಕಗಳು. ಆ ಹಳೆಯ ಸಾಫ್ಟ್‌ವೇರನ್ನೂ ಕಂಪನಿ ಕೈಬಿಟ್ಟಿತ್ತಂತೆ.

“ಹೊಸದು ತಗೊಂಬುಡಿ,” ಎಂದ.

“ನಿಮ್ಮ ಹೊಸದಕ್ಕೆ ನಿಮ್ಮ ಹಳೇದನ್ನೇ ಓದಕ್ಕೆ ಬರಲ್ಲ. ನನಗ್ಯಾಕೆ ಅದು?”

“ನನ್ ಮೇಲೆ ಕೂಗಾಡುದ್ರೆ ಏನ್ ಬಂತು? ಕಂಪನಿಗೆ ಬರೀರಿ.”

ಬರೆದೆ, ಮೂರು ಸಲ. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಮೊಬೈಲಿಗೆ ಹೊಸ ಮಾಡೆಲ್‌ನ ಬಣ್ಣದ ಚಿತ್ರ ಕಳಿಸಿ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದ್ದರು. ಮೊಬೈಲನ್ನು ಗೋಡೆಗೆ ಬಿಸಾಡಬೇಕೆನಿಸಿತು. ಮಾತು ಕಳೆದುಕೊಂಡ ಒಬ್ಬ ಹೆಂಗಸಿನ ಮಾತೆಲ್ಲ ಅವರ ಪೆಟ್ಟಿಗೆಯಲ್ಲಿತ್ತು. ಅವರಿಗೆ ನಕ್ಷತ್ರ ಬೇಕಿತ್ತು!

ಮಳವಳ್ಳಿಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುವ ಹೆಂಗಸೊಬ್ಬರ ಬಳಿ ಅದೇ ಮಾಡೆಲ್ ಇದೆಯೆಂದು ಹಳೆಯ ಸಹೋದ್ಯೋಗಿಯಿಂದ ತಿಳಿಯಿತು. ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ನನ್ನ ಕಥೆ ಪೂರ್ತಿ ಕೇಳುವ ಮೊದಲೇ ಆಕೆ ಸಿಡಿದರು.

“ನಂಗೂ ಇಂಗೇ ಮಾಡುದ್ರು ಕಣಕ್ಕ, ಆಳಾದೋರು. ಆರು ತಂದಿದ್ದೆ, ಐದು ಕೆಟ್ಟೋದ್ವು. ಅವುನ್ನೆಲ್ಲ ಬಿಚ್ಚಿ ಬಿಚ್ಚಿ ಇದೊಂದ್ನ ಉಳಿಸ್ಕಂಡಿವ್ನಿ. ಕೊಡಿ ಇಲ್ಲಿ.”

ಡಿಸ್ಕ್ ಜೋಡಿಸಿದರು. ತುಂಬ ಹೊತ್ತು ಪರದೆ ಕಪ್ಪಾಗಿಯೇ ಇತ್ತು. ಆಮೇಲೆ ಅಕ್ಷರಗಳು ಬಂದವು. ಕಣ್ಣೀರು ತಡೆಯಲಾಗಲಿಲ್ಲ. “ಅಳ್ಬ್ಯಾಡಿ, ಇದು ನಿಂತೋಗಕ್ ಮುಂಚೆ ಪ್ರಿಂಟ್ ತಗೊಳವ,” ಎಂದು ಗದರಿದರು. ಒಂದು ಹಾಳೆಯೂ ಬಿಡದೆ ಪ್ರಿಂಟ್ ತೆಗೆದೆವು.

ಮನೆಗೆ ಬಂದು ಅತ್ತೆಯ ಮಂಚದ ಪಕ್ಕ ಕುಳಿತು ಓದತೊಡಗಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದರು. ಹುಳ ಬಿದ್ದ ಗಾಯಕ್ಕೆ ಬೇವಿನ ಸೊಪ್ಪು ಎಂದು ಓದಿದ ಕೂಡಲೇ ಎಡಗೈಯಿಂದ ನನ್ನ ಮಣಿಕಟ್ಟಿಗೆ ಪಟ್ಟನೆ ಹೊಡೆದು, ಬಿಗಿಯಾಗಿ ಹಿಡಿದುಕೊಂಡರು.

“ಬೇವಲ್ವಾ? ಲಕ್ಕಿ ಸೊಪ್ಪಾ? ತುಂಬೆಯಾ?”

ಪ್ರತಿಯೊಂದಕ್ಕೂ ಅಲ್ಲವೆಂದು ಕೋಪದಿಂದ ತಲೆಯಾಡಿಸಿದರು.

“ಸೀತಾಫಲದ ಎಲೆಯಾ?”

ಮಣಿಕಟ್ಟು ಹಿಡಿದಿದ್ದ ಅವರ ಕೈ ಸಡಿಲವಾಯಿತು. ಪೆನ್ನು ತಂದು, ಬೇವನ್ನು ಹೊಡೆದುಹಾಕಿ, ಅವರಿಗೆ ಕಾಣುವಂತೆ ಹಾಳೆ ಹಿಡಿದು ಸೀತಾಫಲದ ಎಲೆ ಎಂದು ಬರೆದೆ.