ವನಜಾಕ್ಷಿ ಟೀಚರ ಅರವತ್ತೊಂದು ಹಾಳೆ

ಎರಡು ಸಾವಿರದ ನಾಲ್ಕರಲ್ಲಿ ವನಜಾಕ್ಷಿಗೆ ಇಪ್ಪತ್ತೆಂಟು ವರ್ಷ. ದೇವಸಮುದ್ರದಿಂದ ಒಂದು ಗಂಟೆ ನಡೆದರೆ ಸಿಗುವ ಹಟ್ಟಿಯ ಸರ್ಕಾರಿ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಗೆ ಗಣಿತ ಹೇಳಿಕೊಡುತ್ತಿದ್ದಳು. ಮೊಳಕಾಲ್ಮೂರಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದಳು. ಅಪ್ಪ ಜುಂಜಣ್ಣ ಚಳ್ಳಕೆರೆ ಆಚೆ, ವರವು ಕಾವಲ್ ಎಂಬ ಹುಲ್ಲುಗಾವಲಿನ ಪಕ್ಕದ ಊರಿನಲ್ಲಿ ಕುರಿ ಮೇಯಿಸುತ್ತಿದ್ದ. ಆ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ಅವಳೊಬ್ಬಳೇ.

ಆ ವರ್ಷದ ಏಳನೆಯ ತರಗತಿಯಲ್ಲಿ ಮೂವತ್ತೊಂದು ಮಕ್ಕಳು. ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಿ ಅಂದರೆ ಇಪ್ಪತ್ತಾರು ಮಂದಿ ಐದನೆಯ ಎರಡು ಭಾಗ ಎಂದು ಬರೆದಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಮುಗಿಸಿದ್ದರು. ವನಜಾಕ್ಷಿ ಬೋರ್ಡಿನ ಮೇಲೆ ಮೂರು ಸಲ ಬಿಡಿಸಿ ತೋರಿಸಿದಳು.

"ಅರ್ಧ ರೊಟ್ಟಿ ತಿಂದು, ಅದರ ಮ್ಯಾಲೆ ಇನ್ನೊಂದು ಚೂರು ತಿಂದ್ರೆ ಅರ್ಧಕ್ಕಿಂತ ಕಮ್ಮಿ ಆಗ್ತೈತೇನ್ರೋ?" ಎಂದು ಕೇಳಿದಳು. ಮಕ್ಕಳು ನಕ್ಕರು. ಮರುದಿನ ಮತ್ತೆ ಅದೇ ಉತ್ತರ ಬರೆದರು.

ಈ ಸಂಕಟವನ್ನು ಅವಳು ಹೇಳಿಕೊಂಡದ್ದು ನಾಗಭೂಷಣನ ಬಳಿ. ಸುತ್ತಲಿನ ಹದಿನಾಲ್ಕು ಶಾಲೆಗಳಿಗೆ ಹೋಗಿ ಪಾಠ ನೋಡಿ, ಮೇಷ್ಟ್ರುಗಳಿಗೆ ತರಬೇತಿ ಕೊಡುವುದು ಅವನ ಕೆಲಸ. ಅವಳಿಗಿಂತ ಹತ್ತು ವರ್ಷ ದೊಡ್ಡವನು. ಅವಳು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಕೋಣೆ ಹುಡುಕಿಕೊಟ್ಟವನು ಅವನೇ. ಆವತ್ತಿನಿಂದ ಅವಳು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು.

"ಚಳ್ಳಕೆರೆಯಾಗೆ ಇಂಟರ್‌ನೆಟ್ ಐತಲ್ಲಮ್ಮ, ಅಲ್ಲಿ ನೋಡು," ಎಂದ ನಾಗಭೂಷಣ. "ಪ್ರಪಂಚದಾಗಿರೋ ಮೇಷ್ಟ್ರೆಲ್ಲ ತಮ್ಮ ಪಾಠ ಅದ್ರಾಗೆ ಹಾಕ್ತಾರೆ."

ಶನಿವಾರ ಬೆಳಗಿನ ಶಾಲೆ. ಮುಗಿದ ಮೇಲೆ ಅವಳು ಹೇಗೂ ಚಳ್ಳಕೆರೆ ಮೇಲೆ ಊರಿಗೆ ಹೋಗುತ್ತಿದ್ದಳು. ಆ ಶನಿವಾರ ನಾಗಭೂಷಣನೂ ಜೊತೆಗೆ ಬಂದ. ಪಾವಗಡ ರಸ್ತೆಯಲ್ಲಿ ರಸಗೊಬ್ಬರದ ಅಂಗಡಿಯ ಮೇಲಿನ ಕೋಣೆ. ಮೂರು ಕಂಪ್ಯೂಟರ್, ಒಂದು ಪ್ರಿಂಟರ್. ನಡೆಸುವವನ ಹೆಸರು ಬಾಲರಾಜ್. ನಾಗಭೂಷಣ ಅವಳಿಗೆ ಇ-ಮೇಲ್ ವಿಳಾಸ ಮಾಡಿಕೊಟ್ಟ, ಪಾಸ್‌ವರ್ಡನ್ನೂ ತಾನೇ ಹಾಕಿ ಒಂದು ಚೀಟಿಯಲ್ಲಿ ಬರೆದುಕೊಟ್ಟ. ಅವಳು ಚೀಟಿಯನ್ನು ಪರ್ಸಿನೊಳಗೆ ಜೋಪಾನವಾಗಿ ಇಟ್ಟುಕೊಂಡಳು.

ಅವಳ ಇಂಗ್ಲಿಷ್ ಅಷ್ಟಕ್ಕಷ್ಟೇ. ನಿಘಂಟು ತೊಡೆಯ ಮೇಲಿಟ್ಟುಕೊಂಡು ಓದಿದಳು. ಎರಡನೆಯ ಶನಿವಾರ, ಯಾವುದೋ ದೇಶದ ಶಿಕ್ಷಕಿಯೊಬ್ಬಳು ಹಾಕಿದ್ದ ಪುಟ ಸಿಕ್ಕಿತು. ಒಂದೇ ಉದ್ದದ ಎರಡು ಪಟ್ಟಿ. ಒಂದು ಎರಡಾಗಿ, ಇನ್ನೊಂದು ಮೂರಾಗಿ ಮಡಿಸಿದೆ. ಮೌಸ್ ಒತ್ತಿದರೆ ಎರಡೂ ಆರಾರು ಚೂರಾಗುತ್ತವೆ. ಮೂರು ಚೂರು ಮತ್ತು ಎರಡು ಚೂರು ಒಂದರ ಪಕ್ಕ ಒಂದು ಬಂದು ಕೂರುತ್ತವೆ. ಆರರಲ್ಲಿ ಐದು. ವನಜಾಕ್ಷಿ ಅದನ್ನು ಹತ್ತು ಸಲವಾದರೂ ಒತ್ತಿ ನೋಡಿದಳು. ತಾನು ಇಷ್ಟು ವರ್ಷ ಬರೀ ನಿಯಮ ಹೇಳಿಕೊಟ್ಟಿದ್ದೆ ಎಂಬುದು ಅವಳಿಗೆ ಆಗ ಹೊಳೆಯಿತು.

ಕಂಪ್ಯೂಟರನ್ನು ಹಟ್ಟಿಗೆ ಹೊತ್ತೊಯ್ಯುವುದು ಸಾಧ್ಯವಿರಲಿಲ್ಲ. ಹಳೆಯ ಕ್ಯಾಲೆಂಡರ್ ಕತ್ತರಿಸಿ ಮೂವತ್ತೊಂದು ಜೊತೆ ಪಟ್ಟಿ ಮಾಡಿದಳು. ಸೋಮವಾರ ಮಕ್ಕಳು ಮಡಿಸಿದರು, ಬಿಚ್ಚಿದರು, ಎಣಿಸಿದರು. ಗಂಗಲಕ್ಷ್ಮಿ ಎಂಬ ಹುಡುಗಿ ಎದ್ದು ನಿಂತು, "ಟೀಚರ್, ಚೂರು ಒಂದೇ ಅಳತಿ ಆಗೋ ತನಕ ಕೂಡ್ಸಂಗೇ ಇಲ್ಲ!" ಎಂದು ಕೂಗಿದಳು. ಅವಳಿಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಅಲ್ಲಿಂದ ಶುರುವಾಯಿತು. ವಾರಕ್ಕೊಂದು ಪಾಠದ ಹಾಳೆ. ಇಂಟರ್‌ನೆಟ್ಟಿನಲ್ಲಿ ಕಂಡ ಉಪಾಯವನ್ನು ತನ್ನ ಮಕ್ಕಳ ಕೈಗೆ ಸಿಗುವ ಸಾಮಾನಿಗೆ ಇಳಿಸುತ್ತಿದ್ದಳು. ಋಣ ಸಂಖ್ಯೆಗೆ ಜಟಿಂಗ ರಾಮೇಶ್ವರ ಬೆಟ್ಟದ ಮೆಟ್ಟಿಲು ತಂದಳು: ನಡುವಿನ ಒಂದು ಬಂಡೆ ಸೊನ್ನೆ, ಹತ್ತಿದ್ದು ಧನ, ಇಳಿದದ್ದು ಋಣ. ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗಾಗಿ ಅರ್ಧದ ಪಕ್ಕದಲ್ಲಿ ಸಗಂ ಎಂದೂ ಬರೆದಳು. ಒಂದು ಲೆಕ್ಕ ಹೀಗಿತ್ತು: ಜುಂಜಣ್ಣನ ಹತ್ತಿರ ಎಪ್ಪತ್ತೆರಡು ಕುರಿ ಇವೆ. ಮೂರನೆಯ ಒಂದು ಭಾಗ ಕಾವಲಿನ ಕಡೆ ಮೇಯುತ್ತಿವೆ, ನಾಲ್ಕನೆಯ ಒಂದು ಭಾಗ ನೀರು ಕುಡಿಯುತ್ತಿವೆ. ಉಳಿದವು ಎಷ್ಟು?

ಊರಿಗೆ ಹೋದಾಗ ಅಪ್ಪನಿಗೆ ಅದನ್ನು ಓದಿ ಹೇಳಿದಳು. "ನನ್ ತಾವ ನಲವತ್ತೂ ಇಲ್ಲ ಕಣವ್ವ, ಎಪ್ಪತ್ತೆರಡು ಎಲ್ಲಿಂದ ತಂದೆ?" ಎಂದು ಜುಂಜಣ್ಣ ನಕ್ಕ. ಆಮೇಲೆ ತನ್ನ ಹೆಸರು ಎಲ್ಲಿದೆ ತೋರಿಸು ಎಂದು ಕೇಳಿ, ಅಕ್ಷರದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತ.

ಪ್ರತಿ ಹಾಳೆಯ ಕೊನೆಗೆ ಅವಳು ಎರಡು ಸಾಲು ಬರೆಯುತ್ತಿದ್ದಳು. ಮೊದಲನೆಯದು, ಉಪಾಯ ಸಿಕ್ಕಿದ್ದು ಯಾವ ಪುಟದಲ್ಲಿ, ಅದನ್ನು ಹಾಕಿದ ಶಿಕ್ಷಕರು ಯಾರು ಎಂಬುದು. ಎರಡನೆಯದು, ಕನ್ನಡದಲ್ಲಿ ಸಿದ್ಧಮಾಡಿದವರು ಜೆ. ವನಜಾಕ್ಷಿ ಎಂಬುದು. ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಶನಿವಾರ ಬಾಲರಾಜನ ಅಂಗಡಿಯಲ್ಲಿ ಟೈಪ್ ಮಾಡಿ ಫ್ಲಾಪಿಯಲ್ಲಿ ಉಳಿಸಿಕೊಂಡು, ಒಂದು ಪ್ರತಿಯನ್ನು ನಾಗಭೂಷಣನಿಗೆ ಇ-ಮೇಲ್ ಕಳಿಸುತ್ತಿದ್ದಳು. ಪ್ರಿಂಟ್ ತೆಗೆದ ಇನ್ನೊಂದನ್ನು ಸೋಮವಾರ ಮುಖ್ಯೋಪಾಧ್ಯಾಯ ಹಾಲೇಶಪ್ಪನವರಿಗೆ ತೋರಿಸುತ್ತಿದ್ದಳು. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, "ಇದನ್ನ ನಮ್ಮ ಕಾಲಕ್ಕೆ ಯಾರಾದ್ರೂ ಹೇಳ್ಕೊಟ್ಟಿದ್ರೆ ನಾನೂ ಗಣಿತ ತಗೋತಿದ್ದೆ" ಎನ್ನುತ್ತಿದ್ದರು.

ಒಂದೂವರೆ ವರ್ಷದಲ್ಲಿ ಅರವತ್ತೊಂದು ಹಾಳೆಗಳಾದವು. ಎರಡು ಸಾವಿರದ ಆರರ ಜನವರಿಯಲ್ಲಿ ನಾಗಭೂಷಣ ಶಾಲೆಗೆ ಬಂದ.

"ಎಲ್ಲಾ ಒಟ್ಟು ಮಾಡಿ ಮೇಲಿನ ಆಫೀಸಿಗೆ ಕಳಿಸ್ತೀನಿ ಕಣಮ್ಮ. ಪುಸ್ತಕ ಆಗ್ಲಿ. ಫ್ಲಾಪಿ ಎಲ್ಲ ಕೊಡು."

ಅವಳು ಐದು ಫ್ಲಾಪಿಯನ್ನೂ ಕೊಟ್ಟಳು. ಪುಸ್ತಕವಾಗುತ್ತದೆ ಎಂದು ಅವ್ವನಿಗೆ, ಅಪ್ಪನಿಗೆ ಹೇಳಿದಳು. ಜುಂಜಣ್ಣ ಅದನ್ನು ಕುರಿ ಸಂತೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿದ.

ಜೂನ್ ತಿಂಗಳು ಚಳ್ಳಕೆರೆಯಲ್ಲಿ ಗಣಿತ ಶಿಕ್ಷಕರ ತರಬೇತಿ. ಬಾಗಿಲಲ್ಲೇ ಪ್ರತಿಯೊಬ್ಬರಿಗೂ ಒಂದು ಪುಸ್ತಕ, ಜೊತೆಗೊಂದು ಸಿ.ಡಿ. ಕೊಡುತ್ತಿದ್ದರು. ಹಿಂಬದಿಯಲ್ಲಿ ನಾಗಭೂಷಣನ ಫೋಟೊ. ಮುಖಪುಟದಲ್ಲಿ 'ರಚನೆ: ನಾಗಭೂಷಣ'. ವನಜಾಕ್ಷಿ ನಿಂತಲ್ಲೇ ಪುಟ ತಿರುವಿದಳು. ಪಟ್ಟಿಗಳು ಇದ್ದವು. ಮೆಟ್ಟಿಲುಗಳು ಇದ್ದವು. ಸಗಂ ಇತ್ತು. ಜುಂಜಣ್ಣನ ಎಪ್ಪತ್ತೆರಡು ಕುರಿಯೂ ಇದ್ದವು. ಅವಳು ಮೊದಲ ಪುಟಕ್ಕೆ ಹೋಗಿ ಕೃತಜ್ಞತೆ ಎಂಬಲ್ಲಿ ಹುಡುಕಿದಳು. ಅಧಿಕಾರಿಗಳ ಹೆಸರಿತ್ತು, ಮುದ್ರಕರ ಹೆಸರಿತ್ತು, ನಾಗಭೂಷಣನ ಹೆಂಡತಿಯ ಹೆಸರೂ ಇತ್ತು.

ಮೊದಲು ಅವಳಿಗೆ ಸಿಟ್ಟು ಬರಲಿಲ್ಲ. ಏನೋ ತಪ್ಪಾಗಿದೆ, ಪ್ರೆಸ್ಸಿನವರು ಬಿಟ್ಟಿರಬೇಕು ಅಂದುಕೊಂಡಳು. ಊಟದ ಬಿಡುವಿನಲ್ಲಿ ವರಾಂಡದಲ್ಲಿ ನಾಗಭೂಷಣ ಸಿಕ್ಕ.

"ಅಣ್ಣ, ನನ್ನ ಹೆಸರು ಬಿಟ್ಟು ಹೋಗೈತೆ."

ಅವನು ಅವಳ ಮುಖ ನೋಡಲಿಲ್ಲ. "ಬಿಟ್ಟು ಹೋಗಿಲ್ಲಮ್ಮ. ಪುಸ್ತಕ ಅಂದ್ಮೇಲೆ ಒಬ್ರ ಹೆಸರಿರಬೇಕು. ನಾನು ಓಡಾಡ್ದೆ, ಒಪ್ಪಿಗೆ ತಂದೆ."

"ಬರ್ದವಳು ನಾನಲ್ವಾ?"

"ಏನ್ ಬರ್ದೆ ನೀನು? ಇಂಟರ್‌ನೆಟ್‌ನಾಗಿರೋದನ್ನ ತಗೊಂಡೆ. ಅದೇನು ನಿಮ್ಮಪ್ಪನ ಮನೆ ಆಸ್ತಿನಾ? ನೀನು ತಗಂಡ್ರೆ ಕಲಿಕೆ, ನಾನು ತಗಂಡ್ರೆ ಕಳ್ಳತನಾನಾ?"

ಉಪಾಯಗಳು ತನ್ನವಲ್ಲ ಎಂಬುದು ನಿಜವೇ. ಅದಕ್ಕೇ ಅಲ್ಲವೇ ಪ್ರತಿ ಹಾಳೆಯ ಕೆಳಗೂ ಅವರ ಹೆಸರು ಬರೆದದ್ದು? ಮತ್ತೆ ಪುಟ ತಿರುವಿ ನೋಡಿದಳು. ಆ ಸಾಲುಗಳೂ ಇರಲಿಲ್ಲ. ದೂರದ ಆ ಶಿಕ್ಷಕಿಯನ್ನೂ ತನ್ನನ್ನೂ ಅವನು ಒಟ್ಟಿಗೇ ಅಳಿಸಿದ್ದ. ಅವಳು ತಲೆ ಎತ್ತುವಷ್ಟರಲ್ಲಿ ನಾಗಭೂಷಣ ಊಟದ ಸಾಲಿನಲ್ಲಿ ನಿಂತಿದ್ದ.

ತರಬೇತಿ ಮುಗಿಯುವವರೆಗೂ ಅವಳು ಕಾಯಲಿಲ್ಲ. ನೇರವಾಗಿ ಬಾಲರಾಜನ ಅಂಗಡಿಗೆ ನಡೆದಳು. ಕಳಿಸಿದ ಪ್ರತಿ ಪತ್ರವೂ ತಾರೀಖಿನ ಸಮೇತ ಇ-ಮೇಲಿನಲ್ಲಿ ಇತ್ತಲ್ಲ. ಪಾಸ್‌ವರ್ಡ್ ಒತ್ತಿದಳು. ತಪ್ಪು ಎಂದು ಬಂತು. ಚೀಟಿ ತೆಗೆದು, ಒಂದೊಂದೇ ಅಕ್ಷರ ನೋಡಿ ಒತ್ತಿದಳು. ಮತ್ತೆ ತಪ್ಪು.

ಬಾಲರಾಜ್ ಬಂದು ಬಗ್ಗಿ ನೋಡಿದ. "ಮೇಡಂ, ಪಾಸ್‌ವರ್ಡ್ ಬದಲಾಯಿಸ್ಯಾರೆ. ನಿಮ್ಮನ್ನ ಬಿಟ್ಟು ಇನ್ಯಾರಿಗಾದ್ರೂ ಗೊತ್ತಿತ್ತಾ?"

ಅವಳು ಕೈಯಲ್ಲಿದ್ದ ಚೀಟಿ ನೋಡಿದಳು, ಅದು ನಾಗಭೂಷಣನ ಅಕ್ಷರ. ಪುಸ್ತಕದಲ್ಲಿ ಹೆಸರು ಬಿಟ್ಟದ್ದನ್ನು ಆಸೆ ಎನ್ನಬಹುದಿತ್ತು, ದುಡುಕು ಎನ್ನಬಹುದಿತ್ತು. ಇದು ಕೂತು, ಯೋಚಿಸಿ ಮಾಡಿದ್ದು. ತನಗಾಗಿ ಕೋಣೆ ಹುಡುಕಿ ಬೀದಿ ಬೀದಿ ಸುತ್ತಿದ್ದ ಮನುಷ್ಯ ಯಾವತ್ತೋ ಒಂದು ದಿನ ಇದೇ ಥರದ ಕುರ್ಚಿಯಲ್ಲಿ ಕೂತು, ಅವಳದೇ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಹೋಗಿದ್ದ. ಅವಳು ಅಲ್ಲೇ ಕೂತು ಅತ್ತಳು. ಬಾಲರಾಜ್ ಪಕ್ಕದ ಕಂಪ್ಯೂಟರಿನ ಗಿರಾಕಿಯನ್ನು ಆಮೇಲೆ ಬನ್ನಿ ಎಂದು ಕಳಿಸಿಬಿಟ್ಟ. ಅವನ ಯಂತ್ರಗಳಲ್ಲೂ ಹಳೆಯ ಫೈಲುಗಳು ಉಳಿದಿರಲಿಲ್ಲ. ವೈರಸ್ ಬಂದು ಮಾರ್ಚಿನಲ್ಲೇ ಎಲ್ಲ ಅಳಿಸಿದ್ದ.

ವನಜಾಕ್ಷಿ ಮೇಲಿನ ಕಚೇರಿಗೆ ದೂರು ಬರೆದಳು. ಹದಿನೈದು ದಿನಕ್ಕೆ ವಿಚಾರಣೆಗೆ ಒಬ್ಬ ಅಧಿಕಾರಿ ಶಾಲೆಗೆ ಬಂದರು. ಅವಳು ನೋಟ್‌ಬುಕ್ಕುಗಳನ್ನು ಮೇಜಿನ ಮೇಲಿಟ್ಟಳು.

"ಪುಸ್ತಕ ಬಂದ್ಮೇಲೆ ನೋಡ್ಕೊಂಡು ಬರೆದದ್ದಲ್ಲ ಅನ್ನೋದಕ್ಕೆ ಏನಮ್ಮ ಸಾಕ್ಷಿ?" ಎಂದರು ಅಧಿಕಾರಿ.

"ನಮ್ಮ ಹೆಡ್‌ಮಾಸ್ಟರು ಪ್ರತಿ ಸೋಮವಾರ ಓದ್ಯಾರೆ ಸಾರ್. ಅವರನ್ನ ಕೇಳ್ರಿ."

ಅಧಿಕಾರಿ ಹಾಲೇಶಪ್ಪನವರ ಕಡೆ ತಿರುಗಿದರು. ಹಾಲೇಶಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಹೇಳಿದರು:

"ಇಬ್ರೂ ಸೇರಿ ಏನೋ ಮಾಡ್ತಿದ್ರು ಸಾರ್. ಯಾರ್ದು ಎಷ್ಟು ಅಂತ ನಾನು ನೋಡೋಕೆ ಹೋಗಿಲ್ಲ."

ಅಧಿಕಾರಿ ಅದನ್ನೇ ಬರೆದುಕೊಂಡು ಸಹಿ ಹಾಕಿಸಿಕೊಂಡು ಜೀಪು ಹತ್ತಿದರು. ಧೂಳು ಇಳಿಯುವ ತನಕ ವನಜಾಕ್ಷಿ ಬಾಗಿಲಲ್ಲೇ ನಿಂತಿದ್ದಳು.

"ಸಾರ್, ನೀವೂನಾ?" ಎಂದಳು.

"ನೋಡವ್ವ," ಎಂದರು ಹಾಲೇಶಪ್ಪನವರು ತಗ್ಗಿದ ದನಿಯಲ್ಲಿ. "ತಾಲ್ಲೂಕಿಗೆ ನಾಲ್ಕು ಕಂಪ್ಯೂಟರ್ ಬರ್ತಾವೆ. ಯಾವ ಶಾಲೆಗೆ ಅಂತ ಪಟ್ಟಿ ಮಾಡೋನು ನಾಗಭೂಷಣ. ನಮ್ಮ ಹೆಸರು ಮೊದಲು ಬರೀತೀನಿ ಅಂದ. ಈ ಮಕ್ಕಳು ಇನ್ನೆಲ್ಲಿ ನೋಡ್ತಾವೆ ಕಂಪ್ಯೂಟರ್‌ನ? ನಿನ್ನ ಹೆಸರೊಂದು ಹೋದ್ರೆ ನಿನ್ನ ವಿದ್ಯೆ ಹೋಗ್ತೈತಾ?"

ಮಕ್ಕಳಿಗೆ ಕಂಪ್ಯೂಟರ್ ಬೇಡ ಎಂದು ಅವಳು ಹೇಗೆ ಹೇಳಿಯಾಳು? ಆ ಮಾತನ್ನು ಹೇಳಲಾರಳು ಎಂದು ಗೊತ್ತಿದ್ದೇ ಅವರು ಹಾಗೆ ಮಾಡಿದ್ದರು. ನಾಗಭೂಷಣನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಗಿತ್ತು. ಈ ಮುದುಕರ ಮೇಲೆ ಅದೂ ಆಗಲಿಲ್ಲ.

ದೂರು ಮುಕ್ತಾಯವಾಯಿತು ಎಂದು ಎರಡು ಸಾಲಿನ ಪತ್ರ ಬಂತು. ದೀಪಾವಳಿಯ ಹೊತ್ತಿಗೆ ನಾಗಭೂಷಣ ಬಡ್ತಿ ಸಿಕ್ಕಿ ಚಿತ್ರದುರ್ಗಕ್ಕೆ ಹೋದ. ಅಪ್ಪನಿಗೆ ಹೇಳುವುದೇ ಅವಳಿಗೆ ಕಷ್ಟವಾಯಿತು. ಎಲ್ಲ ಕೇಳಿದ ಜುಂಜಣ್ಣ ಕೇಳಿದ್ದು ಒಂದೇ: "ನನ್ ಹೆಸರು ಹಂಗೇ ಇಟ್ಟವನೆ, ನಿನ್ ಹೆಸರು ತೆಗ್ದವನೆ. ನಾನ್ ಯಾರು ಅಂತ ಅವನಿಗೇನು ಗೊತ್ತವ್ವ?" ಅವಳ ಅವ್ವ ಪಾತಮ್ಮ ಎದ್ದು ಒಳಗೆ ಹೋದಳು.

ಆ ವರ್ಷವೆಲ್ಲ ವನಜಾಕ್ಷಿ ಪಾವಗಡ ರಸ್ತೆಯ ಮಹಡಿ ಹತ್ತಲಿಲ್ಲ. ಬಸ್ಸು ಅಂಗಡಿಯ ಮುಂದೆ ಹಾದಾಗ ಇನ್ನೊಂದು ಕಡೆ ನೋಡುತ್ತಿದ್ದಳು. ಪಾಠ ಮಾಡಿದಳು, ಆದರೆ ಹೊಸ ಹಾಳೆ ಬರೆಯಲಿಲ್ಲ. ಯಾರಾದರೂ ಒಳ್ಳೆಯ ಮಾತಾಡಿದರೆ ಇವರಿಗೆ ನನ್ನಿಂದ ಏನು ಬೇಕು ಎಂದು ಯೋಚಿಸುವುದು ಅಭ್ಯಾಸವಾಯಿತು.

ಕಂಪ್ಯೂಟರ್ ಮಾತ್ರ ನಿಜಕ್ಕೂ ಬಂತು, ಎರಡು ಸಾವಿರದ ಏಳರ ಆಗಸ್ಟಿನಲ್ಲಿ. ಇಂಟರ್‌ನೆಟ್ ಇರಲಿಲ್ಲ, ಅದರ ಜೊತೆ ಬಂದದ್ದು ಆ ಸಿ.ಡಿ. ಬೇರೆ ಮೇಷ್ಟ್ರುಗಳಿಗೆ ಯಂತ್ರ ಮುಟ್ಟಲು ಭಯ. ಅವಳೇ ಹಾಕಬೇಕಾಯಿತು. ಪರದೆಯ ಮೇಲೆ ನಾಗಭೂಷಣ ಕೈ ಮುಗಿದ. ಆಮೇಲೆ ಪಟ್ಟಿಗಳು ಬಂದು ಮಡಿಸಿಕೊಂಡವು.

ಗಂಗಲಕ್ಷ್ಮಿ ಆಗ ದೇವಸಮುದ್ರದ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಕಂಪ್ಯೂಟರ್ ನೋಡಲು ಬಂದವಳು ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಟೀಚರ್, ನೀವು ನಮಗೆ ಹೇಳ್ಕೊಟ್ಟಿದ್ದೆಲ್ಲ ಈ ಸಾರ್‌ದು ನೋಡ್ಕೊಂಡಾ?"

ವನಜಾಕ್ಷಿ ಅವಳ ಕಡೆ ತಿರುಗಿದಳು. "ಅಲ್ಲ ಕಣೇ. ಅದನ್ನ ಬರ್ದವಳು ನಾನು."

ಹುಡುಗಿ ಪರದೆ ನೋಡಿದಳು, ಟೀಚರನ್ನು ನೋಡಿದಳು. "ಹೂಂ ಟೀಚರ್," ಎಂದಳು. ದೊಡ್ಡವರು ಹೇಳಿದ ಮೇಲೆ ಇಲ್ಲ ಎನ್ನಬಾರದು ಎಂದು ಹೇಳುವ ಹೂಂ ಅದು. ವನಜಾಕ್ಷಿ ಸಿ.ಡಿ. ತೆಗೆದು ಕಪಾಟಿನಲ್ಲಿಟ್ಟಳು.

ಮುಂದಿನ ಶನಿವಾರ ಅವಳು ಬಾಲರಾಜನ ಅಂಗಡಿಗೆ ಹೋಗಿ ತಾನೇ ಹೊಸ ಇ-ಮೇಲ್ ವಿಳಾಸ ಮಾಡಿಕೊಂಡಳು. ಪಾಸ್‌ವರ್ಡನ್ನು ಎಲ್ಲೂ ಬರೆದಿಡಲಿಲ್ಲ. ಮತ್ತೆ ಹಾಳೆಗಳನ್ನು ಬರೆದಳು, ತನ್ನ ತರಗತಿಗೆ ಮಾತ್ರ. ಬೇರೆ ಶಾಲೆಯವರು ಕೇಳಿದರೆ ಯಾವ ಪುಟದಲ್ಲಿ ಏನು ಸಿಗುತ್ತದೆ ಎಂದು ಹೇಳುತ್ತಿದ್ದಳು. ತಾನು ಬರೆದದ್ದನ್ನು ಕೊಡುತ್ತಿರಲಿಲ್ಲ. ಮೊದಲಿನ ವನಜಾಕ್ಷಿ ಹಾಗಿರಲಿಲ್ಲ ಎಂದು ಅವಳಿಗೇ ಅನ್ನಿಸುತ್ತಿತ್ತು.

ಎರಡು ಸಾವಿರದ ಎಂಟರ ಮೇ ಕೊನೆಗೆ ಹಾಲೇಶಪ್ಪನವರು ನಿವೃತ್ತರಾದರು. ಬೀಳ್ಕೊಡುಗೆಗೆ ಹಟ್ಟಿಯೆಲ್ಲ ಸೇರಿತ್ತು. ಪ್ರತಿಯೊಬ್ಬ ಶಿಕ್ಷಕರೂ ಎರಡು ಮಾತಾಡಬೇಕು ಎಂದರು. ವನಜಾಕ್ಷಿಯ ಸರದಿ ಬಂದಾಗ ಹಾಲೇಶಪ್ಪನವರು ಕೊರಳ ಹಾರವನ್ನು ಸರಿಮಾಡಿಕೊಂಡು ಕೂತರು. ಅವಳು ಎದ್ದು ನಿಂತಳು.

"ಹೆಡ್‌ಮಾಸ್ಟರು ನಮ್ಮ ಶಾಲೆಗೆ ಕಂಪ್ಯೂಟರ್ ತಂದ್ರು," ಎಂದಳು. ಅಷ್ಟು ಹೇಳಿ ಕೂತಳು.

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಹಾಲೇಶಪ್ಪನವರು ತಲೆ ಎತ್ತಲಿಲ್ಲ.