ಒಣಗದ ಬೋರ್ಡು

ಊರವರ ಹೆಸರನ್ನೆಲ್ಲ ತಪ್ಪಿಲ್ಲದೆ ಬರೆದ ಪೇಂಟರು ತನ್ನದೇ ಬೋರ್ಡಿನ ಹೆಸರಿನ ವಿಷಯದಲ್ಲಿ ಎಡವಿಬಿಟ್ಟ. ಕಂಪನಿ ಅಂತ ನೋಂದಣಿಯಾದರೆ ದೊಡ್ಡ ದೊಡ್ಡ ಅಂಗಡಿಗಳ ಕೆಲಸ ಸಿಗುತ್ತದೆ ಎಂದು ಆಡಿಟರ್ ಹೇಳಿದ್ದೇ ತಡ, ಹೆಸರು ಆರಿಸಿಯೇಬಿಟ್ಟ: ಗಿಣಿ ಬೋರ್ಡ್ಸ್ ಪ್ರೈವೇಟ್ ಲಿಮಿಟೆಡ್. ಗಿಣಿ ಎಂದರೆ ಅವನ ಹೆಂಡತಿ. ಬಾಯಿ ಮುಚ್ಚದೆ ಮಾತಾಡುತ್ತಾಳೆಂದು ಮದುವೆಯಾದ ಹೊಸದರಲ್ಲಿ ಅವನೇ ಇಟ್ಟ ಹೆಸರು. ಬಣ್ಣ ಕಲಸಿದವಳು, ಏಣಿ ಹಿಡಿದವಳು ಅವಳೇ. ಆದರೆ ಯಾವ ಬೋರ್ಡಿನ ಮೂಲೆಯಲ್ಲೂ ಅವಳ ಸುಳಿವಿಲ್ಲ. ಈಗ ಶ್ವಾಸಕೋಶ ಕೈಕೊಟ್ಟು ಹಾಸಿಗೆ ಹಿಡಿದಿದ್ದಳು.

"ಮೊದಲನೇದು ಸಿಗದೇ ಇರಬಹುದು, ಇನ್ನೊಂದು ಹೆಸರು ಹೇಳಿ," ಅಂದರು ಆಡಿಟರ್.

"ಉದಯ ಬೋರ್ಡ್ಸ್ ಅಂತ ಹಾಕ್ಕೊಳ್ಳಿ," ಎಂದು ಬಾಯಿಗೆ ಬಂದದ್ದು ಹೇಳಿ ಮನೆಗೆ ಬಂದವನೇ ಗಿಣಿಯ ಬೋರ್ಡು ಬರೆದ. ಮಂಜೂರಾಗುವ ಮೊದಲೇ! ಕೈಯಲ್ಲಿ ಕುಂಚ ಇರುವವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಅವಳ ಹಾಸಿಗೆಯ ಎದುರಿನ ಗೋಡೆಗೆ ಒರಗಿಸಿದ. ಅವಳು ನೋಡಿದಳು, ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು.

"ಈ ವಯಸ್ಸಲ್ಲಿ ಹುಚ್ಚು ನಿಮಗೆ," ಅಂದಳು.

ವಾರ ಕಳೆದು ಆಡಿಟರ್ ಫೋನು ಬಂತು. ಅಂಥದ್ದೇ ಹೆಸರಿನ ಕಂಪನಿ ಮೊದಲೇ ಇದೆಯಂತೆ. ಗಿಣಿ ಸಿಗಲ್ಲ, ಆ ಹೆಸರಿನ ಬೋರ್ಡು ಹಾಕುವಂತಿಲ್ಲ; ಉದಯ ಸಿಕ್ಕಿದೆ. ಅವನು ಫೋನು ಕೆಳಗಿಟ್ಟ.

"ಏನಂತೆ?" ಒಳಗಿನಿಂದ ಅವಳು.

"ಸಿಕ್ತಂತೆ ಕಣೇ. ನಿನ್ನ ಹೆಸರೇ."

"ಹಾಗಾದ್ರೆ ಬೀದಿಗೆ ಹಾಕ್ರೀ. ನಾನೊಬ್ಳೇ ನೋಡಿದ್ರೆ ಏನು ಬಂತು? ಜನ ನೋಡ್ಲಿ."

"ಹಾಕ್ತೀನಿ. ಬಣ್ಣ ಒಣಗ್ಲಿ."

ಮರುದಿನ ಕೇಳಿದಾಗ ಮೋಡದ ನೆಪ ಹೇಳಿದ. ಆಮೇಲೆ ಬಣ್ಣಕ್ಕೆ ಎಣ್ಣೆ ಜಾಸ್ತಿಯಾಯಿತು ಅಂದ. ಯಾರ ಹತ್ತಿರ ಹೇಳುತ್ತಿದ್ದ ಪುಣ್ಯಾತ್ಮ! ಜೀವಮಾನವಿಡೀ ಅವನ ಬಣ್ಣ ಕಲಸಿದವಳ ಹತ್ತಿರ.

ಒಂದು ಮಧ್ಯಾಹ್ನ, "ಹತ್ತಿರ ತನ್ನಿ," ಅಂದಳು. ತಂದ. ತನ್ನ ಹೆಸರಿನ ಮೇಲೆ ಬೆರಳೊತ್ತಿದಳು. ಬೆರಳಿಗೆ ಚೂರೂ ಅಂಟಲಿಲ್ಲ. ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆ ಬೆರಳನ್ನು ಹೊದಿಕೆಗೆ ನಿಧಾನವಾಗಿ ಒರೆಸಿಕೊಂಡಳು.

"ಹೌದ್ರೀ, ಇನ್ನೂ ಹಸಿ. ಅವಸರ ಮಾಡ್ಬೇಡಿ."

ಅವನು ಹಿತ್ತಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ. ತೀರಿಹೋಗುವವರೆಗೂ ಅವಳು ಮತ್ತೆ ಆ ಮಾತೆತ್ತಲಿಲ್ಲ.

ಈಗ ಬಾಗಿಲ ಮೇಲೆ ಉದಯ ಬೋರ್ಡ್ಸ್ ಇದೆ, ಕೆಲಸಕ್ಕೇನೂ ಕೊರತೆಯಿಲ್ಲ. ಗಿಣಿ ಮಾತ್ರ ಖಾಲಿ ಮಂಚದ ಎದುರಿಗೇ ಇದೆ. ಇಷ್ಟು ಚಂದದ್ದನ್ನು ಯಾಕೆ ಒಳಗಿಟ್ಟಿದ್ದೀರಿ ಎಂದು ಯಾರಾದರೂ ಗಿರಾಕಿ ಕೇಳಿದರೆ, "ಇನ್ನೂ ಒಣಗಿಲ್ಲ," ಅಂದು ಏಣಿ ಎತ್ತಿಕೊಂಡು ಹೊರಡುತ್ತಾನೆ.